ಮಗುವಿನ ಸ್ವೆಟರ್: ಒಂದು ಅಳತೆ ದೊಡ್ಡದೇ ಇರಲಿ
ಸ್ನೇಹಿತರ ಮಗುವಿಗೆ ಸ್ವೆಟರ್ ಹೆಣೆಯುವವರು ಹಸುಗೂಸಿನ ಅಳತೆಗೆ ಕೈಹಾಕಬೇಡಿ. ನನ್ನ ಮೊದಲ ಸ್ವೆಟರ್ ಮುಗಿಯುವಷ್ಟರಲ್ಲಿ ಮಗು ಎದ್ದು ಕುಳಿತುಕೊಳ್ಳುತ್ತಿತ್ತು. ಆ ಸ್ವೆಟರ್ ಗೊಂಬೆಯ ಪಾಲಾಯಿತು. ಆರು ತಿಂಗಳ ಮಗುವಿನ ಎದೆಸುತ್ತು ಸುಮಾರು 17 ಇಂಚು. ಸ್ವೆಟರ್ 19 ಇಂಚು ಇರಲಿ, ತೋಳು ಉದ್ದವಾದರೆ ಮಡಚಬಹುದು.

ತಲೆಯ ಮೇಲಿಂದ ಎಳೆದು ಹಾಕುವ ಮಾದರಿ ಬೇಡವೇ ಬೇಡ. ಮಕ್ಕಳ ತಲೆ ದೊಡ್ಡದು, ಅಳು ಇನ್ನೂ ದೊಡ್ಡದು. ಮುಂಭಾಗ ತೆರೆದಿರಲಿ. ಗುಂಡಿ ಕಿತ್ತುಬಂದರೆ ಬಾಯಿಗೇ ಹೋಗುತ್ತದೆ. ಕಟ್ಟುವ ದಾರವೂ ಅಪಾಯವೇ. ಗುಂಡಿಗಳನ್ನು ದಪ್ಪ ದಾರದಲ್ಲಿ ಬಿಗಿಯಾಗಿ ಹೊಲಿಯಿರಿ. ಜಾಲರಿ ವಿನ್ಯಾಸದಲ್ಲಿ ಪುಟ್ಟ ಬೆರಳು ಸಿಕ್ಕಿಕೊಳ್ಳುತ್ತದೆ.

ಬೆಂಗಳೂರಿನ ಚಳಿಗೆ ಹತ್ತಿಯ ನೂಲೇ ಸಾಕು. ಮೊದಲು ನಾಲ್ಕು ಇಂಚಿನ ತುಂಡೊಂದನ್ನು ಹೆಣೆದು, ಒಗೆದು, ಒಣಗಿಸಿ ಅಳೆಯಿರಿ; ಒಗೆದ ಮೇಲೆ ಅಳತೆ ಬದಲಾಗುತ್ತದೆಯೇ ಎಂದು ಗೊತ್ತಾಗುತ್ತದೆ. ಉಳಿದ ನೂಲನ್ನು ಉಡುಗೊರೆಯೊಂದಿಗೇ ಕೊಡಿ, ರಿಪೇರಿಗೆ ಬೇಕಾಗುತ್ತದೆ.