ಮನೆಯಿಂದ ಮತದಾನ: ಗ್ರಾಮೀಣ ಪುನರ್ವಸತಿ ಕಾರ್ಯಕರ್ತನಾಗಿ ನನ್ನ ಅನುಭವ

2023ರ ವಿಧಾನಸಭಾ ಚುನಾವಣೆಯಲ್ಲಿ, ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರು ಮತ್ತು 80 ವರ್ಷ ದಾಟಿದವರು ಅಂಚೆ ಮತಪತ್ರದ ಮೂಲಕ ಮನೆಯಲ್ಲೇ ಮತ ಹಾಕುವ ಅವಕಾಶ ಕರ್ನಾಟಕಕ್ಕೆ ಮೊದಲ ಬಾರಿ ಬಂತು. (ಮರುವರ್ಷದ ಲೋಕಸಭಾ ಚುನಾವಣೆಗೆ ವಯಸ್ಸಿನ ಮಿತಿ 85ಕ್ಕೆ ಏರಿತು.) ಹೆಸರಿಗೆ ಅಂಚೆಯಾದರೂ ಇಲ್ಲಿ ಅಂಚೆಯಣ್ಣನಿಗೆ ಕೆಲಸವಿಲ್ಲ, ಚುನಾವಣಾ ಸಿಬ್ಬಂದಿಯ ತಂಡವೇ ಪೊಲೀಸರು ಮತ್ತು ವಿಡಿಯೊ ಚಿತ್ರೀಕರಿಸುವವರೊಂದಿಗೆ ಮನೆಗೆ ಬಂದು ಮತ ಪಡೆದು ಹೋಗುತ್ತದೆ.

ಇದಕ್ಕೆ ಬೇಕಾದ ಅರ್ಜಿ ನಮೂನೆ 12-ಡಿ, ಚುನಾವಣೆಯ ಅಧಿಸೂಚನೆ ಹೊರಟ ಐದು ದಿನಗಳೊಳಗೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೈ ಸೇರಬೇಕು. ಆ ವರ್ಷ ಏಪ್ರಿಲ್ 13ರಂದು ಅಧಿಸೂಚನೆ ಹೊರಟಿತ್ತು, 17ಕ್ಕೆ ಗಡುವು ಮುಗಿಯಿತು. ಅಷ್ಟರಲ್ಲಿ ಅಂಗವೈಕಲ್ಯ ಪ್ರಮಾಣಪತ್ರ ಹುಡುಕುತ್ತ ಕುಳಿತರೆ ಆಗುವ ಮಾತಲ್ಲ. ಅಂಗವಿಕಲರ ಮಾಸಾಶನದ ಕೆಲಸಕ್ಕಾಗಿ ಪ್ರತಿ ಮನೆಗೂ ಹೋಗಿಬರುವ ನನಗೆ ಯಾರ ಬಳಿ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇದೆ, ಅದರಲ್ಲಿ ಶೇಕಡಾವಾರು ಎಷ್ಟಿದೆ ಎಂಬುದು ಗೊತ್ತಿದ್ದುದರಿಂದ, ಅಧಿಸೂಚನೆಗೆ ಮೊದಲೇ ಜೆರಾಕ್ಸ್ ಮಾಡಿಸಿ, ಮತದಾರರ ಪಟ್ಟಿಯ ಭಾಗ ಸಂಖ್ಯೆ ಮತ್ತು ಕ್ರಮಸಂಖ್ಯೆಗಳನ್ನು ಬರೆದಿಟ್ಟುಕೊಂಡಿದ್ದೆ.

ಆದರೆ ಅರ್ಜಿ ತುಂಬುವುದಕ್ಕಿಂತ, ಯಾರಿಗೆ ಅದು ಬೇಕು ಎಂದು ಕೇಳುವುದೇ ದೊಡ್ಡ ಕೆಲಸ. ಅರ್ಜಿ ಒಪ್ಪಿತವಾದರೆ ಪಟ್ಟಿಯಲ್ಲಿ ಹೆಸರಿನ ಮುಂದೆ 'ಪಿಬಿ' (ಪೋಸ್ಟಲ್ ಬ್ಯಾಲೆಟ್, ಅಂದರೆ ಅಂಚೆ ಮತಪತ್ರ) ಎಂದು ಗುರುತಾಗುತ್ತದೆ, ಆಮೇಲೆ ಮತಗಟ್ಟೆಗೆ ಹೋಗಿ ಮತ ಹಾಕುವಂತಿಲ್ಲ. "ಅವನನ್ನೇನು ಕೇಳ್ತೀರಿ ಸಾರ್, ಬರ್ಕೊಳ್ಳಿ" ಎನ್ನುವ ಮನೆಯವರನ್ನು ದಾಟಿ, ಮತದಾರರನ್ನೇ ಕೇಳಬೇಕು. ಊರುಗೋಲು ಹಿಡಿದು ನಡೆಯುವವರಲ್ಲಿ ಹಲವರಿಗೆ ಎಲ್ಲರೊಂದಿಗೆ ಸಾಲಿನಲ್ಲಿ ನಿಲ್ಲುವ ಆಸೆ ಇರುತ್ತದೆ. ದೃಷ್ಟಿ ಇಲ್ಲದವರಿಗೆ ಇದು ಇನ್ನೂ ಮುಖ್ಯ: ಮತಯಂತ್ರದಲ್ಲಿ ಬ್ರೈಲ್ ಅಂಕಿ ಮುಟ್ಟಿ ತಾವೇ ಗುಂಡಿ ಒತ್ತಬಹುದು, ಕಾಗದದ ಮತಪತ್ರಕ್ಕೆ ಇನ್ನೊಬ್ಬರ ಕಣ್ಣು ಬೇಕು. ಎರಡೂ ಬಗೆಯನ್ನು ವಿವರಿಸಿ, ಬ್ರೈಲ್ ಬಲ್ಲವರು ಮತಗಟ್ಟೆ ಎಂದರೆ ಆಟೊ ಗೊತ್ತು ಮಾಡುತ್ತಿದ್ದೆ.

ಹಾಸಿಗೆ ಹಿಡಿದವರ ಮನೆಗಳಲ್ಲಿ ಗೋಪ್ಯತೆಯೇ ತೊಡಕು. ಒಂದೇ ಕೋಣೆಯ ಮನೆಯಲ್ಲಿ ಸೊಸೆ, ಮೊಮ್ಮಕ್ಕಳು, ಪಕ್ಕದ ಮನೆಯವರು ಎಲ್ಲರೂ ಮಂಚದ ಸುತ್ತ ನೆರೆಯುತ್ತಾರೆ. ಹಿಂದಿನ ದಿನವೇ ಹೋಗಿ ಮಂಚ ಯಾವ ಗೋಡೆಗೆ ಇರಬೇಕು, ಮರೆ ಎಲ್ಲಿಡಬೇಕು, ತಂಡ ಬಂದಾಗ ಯಾರು ಹೊರಗಿರಬೇಕು ಎಂದು ಮಾತಾಡಿಕೊಳ್ಳುತ್ತಿದ್ದೆ. ಒರಗಿಕೊಂಡು ಬರೆಯುವವರಿಗೆ ಗಟ್ಟಿ ರಟ್ಟು ತೆಗೆದಿರಿಸುತ್ತಿದ್ದೆ. ಕೈ ನಡುಗುವವರ ಗುರುತು ಎರಡು ಹೆಸರುಗಳ ನಡುವೆ ಬಿದ್ದು ಯಾರಿಗೆಂದು ತಿಳಿಯದಿದ್ದರೆ ಮತ ತಿರಸ್ಕೃತವಾಗುತ್ತದೆ, ಆದ್ದರಿಂದ ಖಾಲಿ ಹಾಳೆಯಲ್ಲಿ ಚೌಕ ಎಳೆದು ಅಭ್ಯಾಸ ಮಾಡಿಸಿದೆ. ತಂಡ ಬಂದ ಮೇಲೆ ನಾನು ಅಂಗಳದಲ್ಲಿರುತ್ತಿದ್ದೆ.

ಮತಪತ್ರ ಚಿಕ್ಕ ಲಕೋಟೆಗೆ, ಆ ಲಕೋಟೆಯೂ ಸಹಿ ಮಾಡಿದ ಘೋಷಣಾ ಪತ್ರವೂ ದೊಡ್ಡ ಲಕೋಟೆಗೆ ಹೋಗಬೇಕು ಎಂಬುದನ್ನು ಮೊದಲೇ ಹೇಳಿಕೊಟ್ಟಿರುವುದು ಒಳ್ಳೆಯದು. ಮೊದಲ ಭೇಟಿಯಲ್ಲಿ ಮತದಾರರು ಸಿಗದಿದ್ದರೆ ತಂಡ ಇನ್ನೊಮ್ಮೆ ಮಾತ್ರ ಬರುತ್ತದೆ. ಹೀಗಾಗಿ ಡಯಾಲಿಸಿಸ್‌ಗೆ ಹೋಗುವವರು ವಾರದ ಯಾವ ದಿನ ಮನೆಯಲ್ಲಿರುವುದಿಲ್ಲ ಎಂಬುದನ್ನು ಅರ್ಜಿಯೊಂದಿಗೇ ಬಿಎಲ್‌ಒಗೆ ಚೀಟಿಯಲ್ಲಿ ಬರೆದು ಕೊಡುವ ರೂಢಿ ಇಟ್ಟುಕೊಂಡಿದ್ದೇನೆ.