ಮೇಸ್ತ್ರಿಯನ್ನು ಕರೆಯುವ ಮೊದಲು: ಮನೆ ರಿಪೇರಿ ಪರ್ಮಿಷನ್ ವಿಚಾರದಲ್ಲಿ ನನ್ನ ಅನುಭವ

ನಮ್ಮ ಹಳೇ ಮನೆಯಲ್ಲಿ ಮಾಡಿಸಬೇಕಿದ್ದ ಕೆಲಸ ಇಷ್ಟು. ಅಡುಗೆಮನೆಗೂ ಹಾಲ್‌ಗೂ ನಡುವಿನ ಗೋಡೆ ತೆಗೆಯಬೇಕು. ಸ್ಟೋರ್ ರೂಮನ್ನು ಮಲಗುವ ಕೋಣೆ ಮಾಡಬೇಕು. ಮಹಡಿಯಲ್ಲಿ ಒಂದು ಬಾತ್‌ರೂಮ್, ಪಕ್ಕದಲ್ಲಿ ಗಾಡಿ ನಿಲ್ಲಿಸೋಕೆ ಶೀಟಿನ ಚಾವಣಿ, ಕಾಂಪೌಂಡ್ ಇನ್ನೊಂದು ಸ್ವಲ್ಪ ಎತ್ತರ, ಆಮೇಲೆ ಟೈಲ್ಸ್, ಪೇಂಟು ಇತ್ಯಾದಿ. "ಒಳಗಡೆ ಕೆಲಸಕ್ಕೆಲ್ಲ ಏನೂ ಬೇಡ ಸಾರ್, ಹೊರಗಡೆ ಮಾಡೋದಕ್ಕೆ ಮಾತ್ರ ಕೇಳ್ತಾರೆ" ಅಂದರು ಮೇಸ್ತ್ರಿ. ಗೊತ್ತಿದ್ದವರೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಡಿಮೆ ಖರ್ಚಿನ ಕೆಲಸಕ್ಕೆ ಪರ್ಮಿಷನ್ನೇ ಇಲ್ಲ ಅಂದರು.

ನಿಯಮ ಓದಿ ನೋಡಿದರೆ ಎರಡೂ ಸರಿಯಲ್ಲ. ಒಳಗೋ ಹೊರಗೋ, ದೊಡ್ಡದೋ ಚಿಕ್ಕದೋ ಅನ್ನುವುದು ಲೆಕ್ಕಕ್ಕೆ ಬರುವುದು ಆಮೇಲೆ. ಮೊದಲು ನೋಡುವುದು ಆ ಕೆಲಸ ಯಾವುದನ್ನು ಮುಟ್ಟುತ್ತದೆ ಅಂತ. ಕಟ್ಟಡದ ಭಾರ ಹೊತ್ತ ಭಾಗವನ್ನು ಮುಟ್ಟುತ್ತಾ? ಮನೆಯ ಸುತ್ತಳತೆ ಅಥವಾ ಎತ್ತರ ಬದಲಾಗುತ್ತಾ? ನೀರು, ಚರಂಡಿ, ಕರೆಂಟ್ ಲೈನ್‌ಗೆ ಕೈ ಹಾಕುತ್ತಾ? ಪಕ್ಕದವರ ಜಾಗಕ್ಕೋ ರಸ್ತೆಗೋ ಏನಾದರೂ ತಾಗುತ್ತಾ? ಕೋಣೆಯ ಬಳಕೆ ಬದಲಾಗುತ್ತಾ? ನನ್ನ ಪಟ್ಟಿಯ ಒಂದೊಂದು ಕೆಲಸದ ಮುಂದೆಯೂ ಈ ಪ್ರಶ್ನೆಗಳನ್ನು ಬರೆದುಕೊಂಡೆ. ಎಲ್ಲಕ್ಕೂ "ಇಲ್ಲ" ಅಂತ ಬಂದದ್ದು ಟೈಲ್ಸ್ ಮತ್ತು ಪೇಂಟು ಮಾತ್ರ!

ಬಹುತೇಕ ಕಡೆ ಈ ಥರದ ಸಣ್ಣ ಕೆಲಸಕ್ಕೆ ಅನುಮತಿ ಬೇಡ ಅಂತ ನಿಯಮದಲ್ಲೇ ಬರೆದಿರುತ್ತದೆ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಸುಣ್ಣ, ಬಣ್ಣ, ಪ್ಲಾಸ್ಟರ್, ನೆಲಹಾಸು ಬದಲಿಸುವುದು, ಫಾಲ್ಸ್ ಸೀಲಿಂಗ್, ಒಳಗಿನ ಪಾರ್ಟಿಷನ್, ಹೆಂಚು ಮರುಹೊದಿಕೆ ಇವೆಲ್ಲ ವಿನಾಯಿತಿ ಪಟ್ಟಿಯಲ್ಲಿವೆ. ಅಮೆರಿಕದಲ್ಲಿ ತುಂಬಾ ಕಡೆ ಬಳಸುವ ಮನೆಗಳ ಸಂಹಿತೆಯಲ್ಲೂ ಪೇಂಟು, ಟೈಲ್ಸ್, ಕಾರ್ಪೆಟ್, ಅಡುಗೆಮನೆ ಕ್ಯಾಬಿನೆಟ್‌ಗೆ ವಿನಾಯಿತಿ ಇದೆ. ಆದರೆ ಈ ಪಟ್ಟಿಗಳ ಮೇಲ್ಗಡೆ ಯಾವಾಗಲೂ ಒಂದು ಷರತ್ತು ಇರುತ್ತದೆ, ಜನ ಅದನ್ನು ಓದದೆ ಕೆಳಗಿನ ಪಟ್ಟಿಗೆ ಹೋಗಿಬಿಡುತ್ತಾರೆ: ಕಟ್ಟಡದ ಭದ್ರತೆ, ಬೆಂಕಿ ಸುರಕ್ಷತೆ, ಆರೋಗ್ಯದ ನಿಯಮಗಳನ್ನು ಮೀರದಿದ್ದರೆ ಮಾತ್ರ ಈ ವಿನಾಯಿತಿ. ಪಾರ್ಟಿಷನ್ ಹಾಕೋದು ಸರಿ, ಆದರೆ ಅದರಿಂದ ಒಂದು ಕೋಣೆಗೆ ಕಿಟಕಿಯೇ ಇಲ್ಲದ ಹಾಗಾದರೆ ವಿನಾಯಿತಿ ಹೋಯಿತು. ಇನ್ನೊಂದು ವಿಷಯ, ಈ ಸಂಹಿತೆಗಳು ಮಾದರಿ ಇದ್ದ ಹಾಗೆ. ನಿಮ್ಮ ಸ್ಥಳೀಯ ಸಂಸ್ಥೆ ಯಾವುದನ್ನು ಒಪ್ಪಿಕೊಂಡಿದೆ, ಏನು ತಿದ್ದಿಕೊಂಡಿದೆ ಅನ್ನುವುದೇ ನಿಮಗೆ ಅನ್ವಯಿಸುವ ನಿಯಮ. ಹಾಗಾಗಿ ಬೈಲಾ, ಅಂದರೆ ಸ್ಥಳೀಯ ಸಂಸ್ಥೆಯ ಕಟ್ಟಡ ನಿಯಮ, ಓದುವಾಗ ಮೊದಲು ಅದರ ವರ್ಷ ನೋಡಿ, ಆಮೇಲೆ ಬಂದ ತಿದ್ದುಪಡಿಗಳನ್ನೂ ಕೇಳಿ ಪಡೆಯಿರಿ. ಹಳೇ ಪ್ರತಿಗಳೇ ಜಾಸ್ತಿ ಓಡಾಡುತ್ತಿರುತ್ತವೆ.

ನಾನು ಅತಿ ಹೆಚ್ಚು ಸಮಯ ಕೊಟ್ಟಿದ್ದು ಮನೆಯ ಹಳೇ ಮಂಜೂರಾದ ನಕ್ಷೆಗೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಸ್ಥಳೀಯ ಸಂಸ್ಥೆಯ ಕಚೇರಿಯವರು ನಿಮ್ಮ ಹೊಸ ಅರ್ಜಿಯನ್ನು ಹೋಲಿಸಿ ನೋಡುವುದು ಈಗ ನಿಂತಿರುವ ಮನೆಯ ಜೊತೆಗಲ್ಲ, ಅವರ ಕಡತದಲ್ಲಿರುವ ನಕ್ಷೆಯ ಜೊತೆಗೆ. ನಮ್ಮಲ್ಲಿ ಮೂಲ ನಕ್ಷೆ ಇರಲಿಲ್ಲ, ಹಿಂದಿನ ಮಾಲೀಕರು ಕೊಟ್ಟ ಕಾಗದಗಳಲ್ಲಿ ಇದ್ದದ್ದು ಮಸುಕಾದ ಜೆರಾಕ್ಸ್ ಮಾತ್ರ. ದೃಢೀಕೃತ ನಕಲಿಗೆ ಅರ್ಜಿ ಹಾಕಿ ತೆಗೆಸಿಕೊಂಡೆ. ಆಮೇಲೆ ಒಂದು ಭಾನುವಾರ ನಕ್ಷೆಯನ್ನು ನೆಲದ ಮೇಲೆ ಹರಡಿ, ಟೇಪು ಹಿಡಿದು, ಕೋಣೆ ಕೋಣೆ ಅಳೆದೆ. ಹೊರಗಿನ ಗೋಡೆಯಿಂದ ಕಾಂಪೌಂಡಿನವರೆಗೆ ನಾಲ್ಕೂ ದಿಕ್ಕು ಅಳೆದೆ. ಅಳತೆಗಳನ್ನು ಪೆನ್ಸಿಲಿನಲ್ಲಿ ನಕ್ಷೆಯ ಅಳತೆಯ ಪಕ್ಕದಲ್ಲೇ ಬರೆಯುತ್ತಾ ಹೋದೆ.

ಮುಂದೆಲ್ಲ ಸರಿಯಿತ್ತು. ಹಿಂದಿನ ಭಾಗದಲ್ಲಿ ಬಟ್ಟೆ ಒಗೆಯುವ ಜಾಗಕ್ಕೆ ಸ್ಲ್ಯಾಬ್ ಹಾಕಿ, ಗೋಡೆ ಕಟ್ಟಿ, ಬಾಗಿಲು ಇಟ್ಟಿದ್ದಾರಲ್ಲ, ಅದು ನಕ್ಷೆಯಲ್ಲಿ ಖಾಲಿ ಜಾಗ! ಯಾವಾಗಲೋ ಯಾರೋ ಕಟ್ಟಿದ್ದು. ನನ್ನ ಹೊಸ ಕೆಲಸಕ್ಕೂ ಅದಕ್ಕೂ ಸಂಬಂಧವೇ ಇಲ್ಲ, ಆದರೆ ಸ್ಥಳ ಪರಿಶೀಲನೆಗೆ ಬಂದವರ ಕಣ್ಣಿಗೆ ಮೊದಲು ಬೀಳುವುದೇ ಅದು. ಮಾಡಿದವರು ಯಾರೇ ಇರಲಿ, ಈಗ ಉತ್ತರ ಕೊಡಬೇಕಾದವರು ಈಗಿನ ಮಾಲೀಕರೇ. ಅದಕ್ಕೆ ನಾನೇ ಮುಂದಾಗಿ ಅದನ್ನು ಅರ್ಜಿಯಲ್ಲಿ ತೋರಿಸಿ, ಸಕ್ರಮಕ್ಕೆ ಅವಕಾಶ ಇದೆಯಾ, ಇಲ್ಲದಿದ್ದರೆ ಎಷ್ಟು ಭಾಗ ತೆಗೆಯಬೇಕು ಅಂತ ಕೇಳಿದೆ. ಕೊನೆಗೆ ಗೋಡೆ ತೆಗೆದು ಜಾಗವನ್ನು ತೆರೆದಿಡುವುದು ಅಂತಾಯಿತು. ಬೇಜಾರಾಯಿತು ನಿಜ, ಆದರೆ ಹೊಸ ಕೆಲಸ ಅರ್ಧಕ್ಕೆ ನಿಲ್ಲುವುದಕ್ಕಿಂತ ಇದೇ ವಾಸಿ.

ಈಗ ಗೋಡೆ ವಿಚಾರ. ಗೋಡೆ ದಪ್ಪ ಇದ್ದರೆ ಭಾರ ಹೊತ್ತಿದೆ, ತೆಳು ಇದ್ದರೆ ಇಲ್ಲ ಅನ್ನುವುದು ಎಲ್ಲರ ಬಾಯಲ್ಲೂ ಇರುವ ಲೆಕ್ಕ. ನಮ್ಮ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ಮಾಡಿದ್ದೇ ಬೇರೆ. ಅವರು ಆ ಗೋಡೆಯನ್ನು ಮುಟ್ಟಲೂ ಇಲ್ಲ, ಸೀದಾ ಮಹಡಿಗೆ ಹೋದರು. ಅದೇ ಗೆರೆಯಲ್ಲಿ ಮೇಲೂ ಗೋಡೆ ಇದೆಯಾ ಅಂತ ನೋಡಿದರು, ತಾರಸಿಯ ನೀರಿನ ಟ್ಯಾಂಕ್ ಎಲ್ಲಿ ಕೂತಿದೆ ಅಂತ ನೋಡಿದರು. ಕೆಳಗೆ ಬಂದು ಗೋಡೆ ಸ್ಲ್ಯಾಬಿಗೆ ಸೇರುವ ಜಾಗದಲ್ಲಿ ಉಳಿಯಿಂದ ಅಂಗೈಯಗಲ ಪ್ಲಾಸ್ಟರ್ ಕೆತ್ತಿಸಿದರು. ಅಲ್ಲಿ ಬೀಮ್ ಇರಲಿಲ್ಲ. ಸ್ಲ್ಯಾಬ್ ನೇರವಾಗಿ ಇಟ್ಟಿಗೆ ಮೇಲೆ ಕೂತಿತ್ತು. ಅಂದರೆ ನಮ್ಮ "ಒಳಗಿನ ಸಣ್ಣ ಕೆಲಸ" ಇಡೀ ಪಟ್ಟಿಯಲ್ಲೇ ದೊಡ್ಡ ಕೆಲಸ. ಪೂರ್ತಿ ತೆಗೆಯುವ ಆಸೆ ಬಿಟ್ಟು, ಎರಡೂ ಕಡೆ ಗೋಡೆ ಸ್ವಲ್ಪ ಉಳಿಸಿ, ಮೇಲೆ ಸ್ಟೀಲ್ ಬೀಮ್ ಕೊಟ್ಟು, ನಡುವೆ ಅಗಲದ ತೆರಪು ಮಾಡುವ ಡ್ರಾಯಿಂಗ್ ತಯಾರಾಯಿತು. ಎಂಜಿನಿಯರ್ ಸಹಿ ಇದ್ದ ಆ ಹಾಳೆಯನ್ನೇ ಅರ್ಜಿಯ ಜೊತೆ ಲಗತ್ತಿಸಿದೆ. ಇಂಥ ಕೆಲಸಕ್ಕೆ ಅನುಮತಿ ಕೇಳದ ಊರು ಬಹುಶಃ ಎಲ್ಲೂ ಇಲ್ಲ, ಕೇಳಬೇಕಾದದ್ದೂ ಸರಿಯೇ. ಮೇಲೆ ಮಲಗುವವರು ನಾವೇ ಅಲ್ವಾ?

ಸ್ಟೋರ್ ರೂಮ್ ಕೂಡ ಸುಲಭವಾಗಿರಲಿಲ್ಲ. ಒಂದು ಇಟ್ಟಿಗೆಯೂ ಅಲುಗಾಡಿಸದೆ ಮಂಚ ಹಾಕಿದರೆ ಆಯಿತು ಅನ್ನಿಸುತ್ತದೆ. ಆದರೆ ಜನ ಮಲಗುವ ಕೋಣೆ ಅಂದ ತಕ್ಷಣ ಅದಕ್ಕೆ ಬೇರೆ ಅಳತೆ. ರಾಷ್ಟ್ರೀಯ ಸಂಹಿತೆಯ ಪ್ರಕಾರ ವಾಸದ ಕೋಣೆಯ ಎತ್ತರ ಕನಿಷ್ಠ 2.75 ಮೀಟರ್. ಮನೆಯಲ್ಲಿ ಒಂದೇ ಕೋಣೆ ಇದ್ದರೆ ವಿಸ್ತೀರ್ಣ ಕನಿಷ್ಠ 9.5 ಚದರ ಮೀಟರ್, ಅಗಲ 2.4 ಮೀಟರ್. ಗಾಳಿ ಬೆಳಕಿಗೆ ಬಿಡುವ ತೆರಪು ಒಣ ಬಿಸಿ ಹವೆಯ ಕಡೆ ನೆಲದ ಹತ್ತನೇ ಒಂದು ಭಾಗ, ತೇವದ ಬಿಸಿ ಹವೆಯ ಕಡೆ ಆರನೇ ಒಂದು ಭಾಗ. ನಮ್ಮ ಸ್ಟೋರ್ ರೂಮಿಗೆ ಇದ್ದದ್ದು ಮೇಲ್ಗಡೆ ಒಂದು ವೆಂಟಿಲೇಟರ್. ಹೊಸ ಕಿಟಕಿ ಇಡಬೇಕು, ಇಡಬೇಕಾದ ಗೋಡೆ ಪಕ್ಕದ ಮನೆಯ ಕಡೆಗಿದೆ. ಹಾಗಾಗಿ ಪ್ರಶ್ನೆ ಮತ್ತೆ ಸೆಟ್‌ಬ್ಯಾಕ್‌ಗೆ, ಅಂದರೆ ಗಡಿಯಿಂದ ಬಿಡಬೇಕಾದ ಖಾಲಿ ಜಾಗಕ್ಕೆ ಬಂತು. ನಮ್ಮ ಪುಣ್ಯಕ್ಕೆ ಆ ಬದಿಯಲ್ಲಿ ಜಾಗ ಸಾಕಷ್ಟಿತ್ತು.

ಸೆಟ್‌ಬ್ಯಾಕ್‌ನ ನಿಜವಾದ ಪಾಠ ಆದದ್ದು ಶೀಟಿನ ಚಾವಣಿಯಲ್ಲಿ. ಕಂಬ ಗಡಿಯಿಂದ ಒಳಗಿದ್ದರೆ ಸಾಕು ಅಂತ ಫ್ಯಾಬ್ರಿಕೇಷನ್‌ನವರು ಡ್ರಾಯಿಂಗ್ ಮಾಡಿದ್ದರು. ಕಚೇರಿಯ ಎಂಜಿನಿಯರ್ ಸ್ಕೇಲ್ ಇಟ್ಟು ಅಳೆದದ್ದು ಕಂಬದಿಂದ ಅಲ್ಲ, ಶೀಟಿನ ಹೊರ ಅಂಚಿನಿಂದ. ರಾಷ್ಟ್ರೀಯ ಸಂಹಿತೆಯಲ್ಲಿ ಬಿಡಬೇಕಾದ ಖಾಲಿ ಜಾಗದ ಮೇಲೆ ಸಜ್ಜಾ ಥರದ್ದು ಚಾಚಬಹುದಾದ್ದು 75 ಸೆಂಟಿಮೀಟರ್ ಅಗಲದವರೆಗೆ. ಅದಕ್ಕಿಂತ ಹೆಚ್ಚಿದ್ದರೆ ಆ ಜಾಗ ಆಕಾಶಕ್ಕೆ ತೆರೆದಿಲ್ಲ ಅಂತಲೇ ಅರ್ಥ. ತಗಡು ಹೊದಿಸಿದರೂ ಒಂದೇ, ಕಾಂಕ್ರೀಟ್ ಹಾಕಿದರೂ ಒಂದೇ. "ನಟ್ ಬೋಲ್ಟು ಸಾರ್, ಬೇಕಾದಾಗ ಬಿಚ್ಚಬಹುದು" ಅನ್ನುವ ವಾದವನ್ನು ಅವರು ಆ ದಿನ ಬೆಳಗ್ಗಿಂದ ಎಷ್ಟು ಸಲ ಕೇಳಿದ್ದರೋ, ಮುಖ ಎತ್ತಲಿಲ್ಲ. ಚಾವಣಿಯನ್ನು ಕಿರಿದು ಮಾಡಿಸಿದೆ. ಮಳೆನೀರು ಪಕ್ಕದವರ ಕಡೆ ಬೀಳದ ಹಾಗೆ ಇಳಿಜಾರನ್ನೂ ನಮ್ಮ ಕಡೆಗೆ ತಿರುಗಿಸಿದೆ.

ಕಾಂಪೌಂಡ್ ಬೇಗ ಮುಗಿಯಿತು. ರಾಷ್ಟ್ರೀಯ ಸಂಹಿತೆಯ ಮಿತಿ ಮುಂದಿನ ರಸ್ತೆಯ ಮಧ್ಯದ ಮಟ್ಟದಿಂದ 1.5 ಮೀಟರ್, ಮೇಲಿನ 0.9 ಮೀಟರ್ ಜಾಲರಿ ಥರ ತೆರೆದಿದ್ದರೆ 2.4 ಮೀಟರ್‌ವರೆಗೆ. ಗಮನಿಸಿ, ಅಳೆಯುವುದು ನಿಮ್ಮ ಅಂಗಳದಿಂದ ಅಲ್ಲ, ರಸ್ತೆಯಿಂದ. ಅಂಗಳ ಎತ್ತರದಲ್ಲಿದ್ದರೆ ಲೆಕ್ಕವೇ ಬದಲಾಗುತ್ತದೆ. ನಾವು ಮೇಲ್ಗಡೆ ಗ್ರಿಲ್ ಹಾಕಿಸಿದೆವು.

ಬಾತ್‌ರೂಮ್‌ಗೆ ಕಟ್ಟಡದ ಅನುಮತಿ ಒಂದೇ ಸಾಲದು. ನೀರು ಮತ್ತು ಒಳಚರಂಡಿಯವರದ್ದು ಬೇರೆ, ಕರೆಂಟಿನವರದ್ದು ಬೇರೆ. ಗೀಸರ್ ಹಾಕಿದ ಮೇಲೆ ಮಂಜೂರಾದ ಲೋಡ್, ಅಂದರೆ ನಮ್ಮ ಮನೆಗೆ ಬಳಸಲು ಒಪ್ಪಿರುವ ಕರೆಂಟಿನ ಮಿತಿ, ಸಾಕಾಗುತ್ತಾ ಅಂತ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಹತ್ತಿರ ಲೆಕ್ಕ ಹಾಕಿಸಿದೆ. ಒಂದು ಕಡೆ ಹೌದು ಅಂದ ಮಾತ್ರಕ್ಕೆ ಇನ್ನೊಂದು ಕಡೆ ಹೌದು ಅಂತಲ್ಲ, ಮತ್ತೆ ಈ ಇಲಾಖೆಗಳು ಪರಸ್ಪರ ಮಾತಾಡುತ್ತವೆ ಅಂತ ನಂಬಿ ಕೂರಬೇಡಿ.

ಕೌಂಟರಿನಲ್ಲಿ ಕೇಳುವ ರೀತಿ ಬಗ್ಗೆ ಒಂದು ಮಾತು. "ಮನೆ ರಿನೋವೇಷನ್‌ಗೆ ಪರ್ಮಿಷನ್ ಬೇಕಾ?" ಅಂತ ಕೇಳಿದರೆ "ಬೇಕು" ಅಂತಲೋ "ಸಣ್ಣ ಪುಟ್ಟದ್ದಕ್ಕೆ ಬೇಡ" ಅಂತಲೋ ಉತ್ತರ ಬರುತ್ತದೆ, ಎರಡರಿಂದಲೂ ಪ್ರಯೋಜನ ಇಲ್ಲ. ನಾನು ಹಳೇ ನಕ್ಷೆಯ ಜೆರಾಕ್ಸ್ ಮೇಲೆ ಕೆಂಪು ಪೆನ್ನಿನಲ್ಲಿ ಬದಲಾವಣೆ ಗುರುತು ಹಾಕಿ, ಅಳತೆ ಬರೆದು, ಅದನ್ನೇ ಮುಂದಿಟ್ಟೆ. ಪ್ರತಿ ಕೆಲಸಕ್ಕೂ ಮೂರೇ ಪ್ರಶ್ನೆ: ಅನುಮತಿ ಬೇಕಾ, ಯಾರ ಸಹಿ ಇರಬೇಕು, ಯಾವ ಹಂತದಲ್ಲಿ ನೀವು ಬಂದು ನೋಡುತ್ತೀರಿ? ಬೇಡ ಅಂದದ್ದನ್ನು ಸುಮ್ನೆ ಬಾಯಿಮಾತಿಗೆ ಬಿಡಲಿಲ್ಲ. ಇಂಥಿಂಥ ಕೆಲಸ ಮಾಡಿಸುತ್ತಿದ್ದೇನೆ, ಇಂಥ ನಿಯಮದ ಪ್ರಕಾರ ಅನುಮತಿ ಅಗತ್ಯ ಇಲ್ಲವೆಂದು ತಿಳಿದುಕೊಂಡಿದ್ದೇನೆ ಅಂತ ಒಂದು ಪತ್ರ ಬರೆದು ಕೊಟ್ಟು, ನನ್ನ ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಂಡೆ. ಆ ಕುರ್ಚಿಯಲ್ಲಿ ಕೂತವರು ನಾಳೆ ವರ್ಗ ಆಗಬಹುದು, ಕಾಗದ ಕಡತದಲ್ಲೇ ಇರುತ್ತದೆ.

ನನ್ನ ಪಟ್ಟಿಯಲ್ಲಿ ಇರದಿದ್ದರೂ ಕೇಳಿ ಬಂದ ವಿಷಯ ಇನ್ನೂ ಕೆಲವಿವೆ. ರಸ್ತೆ ಬದಿಗೆ ಮರಳು, ಜಲ್ಲಿ ಸುರಿಯೋದಕ್ಕೆ, ಅವಶೇಷ ಸಾಗಿಸೋದಕ್ಕೆ, ಅಂಗಳದ ಮರ ಕಡಿಯೋದಕ್ಕೆ ಬೇರೆ ಬೇರೆ ನಿಯಮಗಳಿರುತ್ತವೆ. ಭಾರತದಲ್ಲಿ ರಾಷ್ಟ್ರೀಯ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಆ ಗೆರೆಯೊಳಗೆ ಮನೆ ಇದ್ದರೆ ರಿಪೇರಿಗೂ ಪ್ರತ್ಯೇಕ ಅನುಮತಿ ಬೇಕು. ಅಪಾರ್ಟ್‌ಮೆಂಟ್ ಆದರೆ ಸಂಘದ ಒಪ್ಪಿಗೆ ಪತ್ರ ಮೊದಲು. ಪಕ್ಕದವರ ವಿಷಯದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1996ರ ಒಂದು ಕಾಯ್ದೆಯೇ ಇದೆ. ನೆರೆಯ ಕಟ್ಟಡದಿಂದ 3 ಮೀಟರ್ ಒಳಗೆ ಅದರ ಪಾಯಕ್ಕಿಂತ ಆಳ ಅಗೆಯುವುದಾದರೆ ಕನಿಷ್ಠ ಒಂದು ತಿಂಗಳು ಮೊದಲೇ ಲಿಖಿತ ನೋಟಿಸ್ ಕೊಡಬೇಕು. ಅಂಥ ಕಾಯ್ದೆ ಇಲ್ಲದ ಕಡೆಯೂ ಇದು ಒಳ್ಳೆಯ ಪದ್ಧತಿ ಅನ್ನಿಸಿ, ನಾನೂ ಎರಡೂ ಪಕ್ಕದವರಿಗೆ ಡ್ರಾಯಿಂಗ್ ತೋರಿಸಿ ಬಂದೆ.

ಗುತ್ತಿಗೆದಾರರ ಜೊತೆಗಿನ ಕರಾರಿನಲ್ಲಿ ಎರಡು ಸಾಲು ಸೇರಿಸಿದ್ದೆ. ಅನುಮತಿ ಪತ್ರ ಕೈಗೆ ಬರುವವರೆಗೆ ಒಡೆಯುವ ಕೆಲಸ ಇಲ್ಲ. ಪರಿಶೀಲನೆ ಆಗದೆ ಯಾವುದನ್ನೂ ಮುಚ್ಚುವ ಹಾಗಿಲ್ಲ. ಎರಡನೆಯದಕ್ಕೆ ಜಗಳವೇ ಆಯಿತು, ಕೆಲಸ ನಿಂತರೆ ಆಳುಗಳ ಕೂಲಿ ಯಾರು ಕೊಡೋದು ಅಂತ. ಅವರ ಕಷ್ಟವೂ ನಿಜವೇ. ಆದರೆ ಗೋಡೆಯೊಳಗಿನ ಪೈಪು, ವೈರಿನ ಕೊಳವೆ, ಬೀಮಿನ ಬೋಲ್ಟು ಇವೆಲ್ಲ ಪ್ಲಾಸ್ಟರ್ ಆದ ಮೇಲೆ ಯಾರಿಗೂ ಕಾಣುವುದಿಲ್ಲ. ನೋಡಬೇಕಾದವರು ಆಮೇಲೆ ಬಂದರೆ ಒಡೆದು ತೋರಿಸಿ ಅನ್ನುತ್ತಾರೆ. ಪರಿಶೀಲನೆಯ ದಿನವನ್ನು ಮೊದಲೇ ಬರೆಸಿಕೊಂಡು, ಆ ದಿನ ಆಳುಗಳನ್ನು ಟೈಲ್ಸ್ ಕೆಲಸಕ್ಕೆ ಹಾಕಿ ರಾಜಿ ಮಾಡಿಕೊಂಡೆವು. ಅನುಮತಿಗೂ ಅವಧಿ ಇರುತ್ತದೆ, ಮರೆಯಬೇಡಿ. ಅಮೆರಿಕದ ಆ ಸಂಹಿತೆಯಲ್ಲಿ 180 ದಿನದೊಳಗೆ ಕೆಲಸ ಶುರು ಮಾಡದಿದ್ದರೆ ಪರ್ಮಿಟ್ ರದ್ದು. ನಿಮ್ಮ ಪತ್ರದ ಕೆಳಗಡೆ ಎಷ್ಟು ಅಂತ ಬರೆದಿದೆ ನೋಡಿಕೊಳ್ಳಿ.

ಮುಚ್ಚುವ ಮೊದಲು ಪ್ರತಿ ಗೋಡೆಯ ಫೋಟೊ ತೆಗೆದಿಟ್ಟೆ, ಟೇಪನ್ನು ಗೋಡೆಗೆ ಹಿಡಿದು, ಅಂಕಿ ಓದುವ ಹಾಗೆ. ಕೆಲಸ ಮುಗಿದ ಮೇಲೆ ಅಂತಿಮ ಪರಿಶೀಲನೆ ಮಾಡಿಸಿ, ಈಗಿನ ಮನೆಗೆ ಹೊಂದುವ ನಕ್ಷೆಯನ್ನು ಕಚೇರಿಯ ಕಡತಕ್ಕೆ ಸೇರಿಸಿಸಿದೆ. ಹೆಚ್ಚಿನವರು ಪೇಂಟು ಒಣಗಿದ ಮೇಲೆ ಈ ಕೆಲಸ ಬಿಟ್ಟೇಬಿಡುತ್ತಾರೆ. ಮಾರುವಾಗಲೋ ಸಾಲ ಕೇಳುವಾಗಲೋ ಬ್ಯಾಂಕಿನವರು ಕೇಳುವುದು ಈ ನಕ್ಷೆಯನ್ನೇ, ಅದರ ದೃಢೀಕೃತ ನಕಲನ್ನು ಅದೇ ವಾರ ತೆಗೆಸಿ ಫೋಟೊಗಳ ಜೊತೆ ಇಟ್ಟಿದ್ದೇನೆ.