ಗಿರಾಕಿ ಕೊಳ್ಳುವ ಬಗೆ ನೋಡಿ, ಆಮೇಲೆ ಪ್ರಚಾರದ ದಾರಿ ಹಿಡಿಯಿರಿ

ಅಮೆರಿಕದ ಅರ್ಲ್ ಟಪ್ಪರ್ 1940ರ ದಶಕದಲ್ಲಿ ಒಂದು ಒಳ್ಳೆಯ ಪ್ಲಾಸ್ಟಿಕ್ ಡಬ್ಬಿ ತಯಾರಿಸಿದರು. ಹಗುರ, ಬಿದ್ದರೆ ಒಡೆಯದು, ಮುಚ್ಚಳ ಹಾಕಿದರೆ ಗಾಳಿ ಒಳಹೋಗದು. ಆದರೂ ಅಂಗಡಿಗಳ ಕಪಾಟಿನಲ್ಲಿ ಅದು ಹೇಳಿಕೊಳ್ಳುವಷ್ಟು ಬಿಕರಿಯಾಗಲಿಲ್ಲ. ಮುಚ್ಚಳವನ್ನು ಒತ್ತಿ, ಒಂದು ಅಂಚನ್ನು ತುಸುವೇ ಎತ್ತಿ, ಒಳಗಿನ ಗಾಳಿ ಹೊರಬಿಟ್ಟು ಮುಚ್ಚಬೇಕು ಎನ್ನುವುದನ್ನು ಕಪಾಟು ಹೇಳಿಕೊಡುವುದಿಲ್ಲವಲ್ಲ! ಅದೇ ಹೊತ್ತಿಗೆ ಬ್ರೌನಿ ವೈಸ್ ಎಂಬ ಮಾರಾಟಗಾರ್ತಿ ಮನೆಗಳಲ್ಲಿ ಹೆಂಗಸರನ್ನು ಕೂಡಿಸಿ, ಡಬ್ಬಿಯನ್ನು ಅವರ ಕಣ್ಣೆದುರೇ ಮುಚ್ಚಿ ತೆರೆದು ತೋರಿಸಿ ರಾಶಿಗಟ್ಟಲೆ ಮಾರುತ್ತಿದ್ದರು. 1951ರಲ್ಲಿ ಟಪ್ಪರ್ ತಮ್ಮ ಡಬ್ಬಿಗಳನ್ನು ಅಂಗಡಿಗಳಿಂದ ವಾಪಸು ತೆಗೆದುಕೊಂಡು, ಮನೆ ಮನೆಯಲ್ಲಿ ಮಾರುವ ವಿಭಾಗದ ಹೊಣೆಯನ್ನು ವೈಸ್ ಅವರ ಕೈಗಿತ್ತರು. ಟಪ್ಪರ್‌ವೇರ್ ಮನೆಮಾತಾದದ್ದು ಆಮೇಲೆ.

ವ್ಯಾಪಾರ ಶುರು ಮಾಡಿದವರು ಬಂದು ಮೊದಲು ಕೇಳುವ ಪ್ರಶ್ನೆ, ‘ಫೇಸ್‌ಬುಕ್‌ನಲ್ಲಿ ಜಾಹೀರಾತು ಕೊಡಲೋ, ಪತ್ರಿಕೆಯಲ್ಲಿ ಕೊಡಲೋ?’ ಎಂದು. ಅದು ಕಟ್ಟಕಡೆಗೆ ಕೇಳಬೇಕಾದ ಪ್ರಶ್ನೆ. ಪಕ್ಕದವರಿಗೆ ಇನ್‌ಸ್ಟಾಗ್ರಾಂನಿಂದ ಗಿರಾಕಿ ಬಂದರು ಎಂದರೆ ಅವರ ಸರಕಿಗೆ ಆ ದಾರಿ ಒಗ್ಗಿತು ಎಂದಷ್ಟೇ ಅರ್ಥ. ನಿಮ್ಮದಕ್ಕೆ ಯಾವುದು ಒಗ್ಗುತ್ತದೆ ಎಂಬುದನ್ನು ನಿಮ್ಮ ಗಿರಾಕಿ ಕೊಳ್ಳುವ ರೀತಿಯೇ ತಿಳಿಸುತ್ತದೆ. ಅದನ್ನು ಕಂಡುಕೊಳ್ಳುವ ಕ್ರಮ ಹೀಗಿದೆ.

ಹೆಜ್ಜೆ 1: ಹಿಂದಿನ ಇಪ್ಪತ್ತು ಮಾರಾಟಗಳನ್ನು ಬರೆದಿಡಿ

ಒಂದು ನೋಟ್‌ಬುಕ್ ಸಾಕು. ಕೊನೆಯ ಇಪ್ಪತ್ತು ಗಿರಾಕಿಗಳ ಬಗ್ಗೆ ನಾಲ್ಕು ಕಾಲಂ ಮಾಡಿ: ನಿಮ್ಮ ವಿಷಯ ಅವರಿಗೆ ಹೇಗೆ ತಿಳಿಯಿತು, ತಿಳಿದ ಮೇಲೆ ಕೊಳ್ಳಲು ಎಷ್ಟು ದಿನ ಹಿಡಿಯಿತು, ಯಾರನ್ನು ಕೇಳಿ ಬಂದರು, ಇನ್ನೆಲ್ಲಿ ವಿಚಾರಿಸಿದ್ದರು. ನೆನಪಿಲ್ಲದಿದ್ದರೆ ಫೋನ್ ಮಾಡಿ ಕೇಳಿ. ಕಾಳಜಿಯಿಂದ ಕೇಳಿದರೆ ಹೆಚ್ಚಿನವರು ಹೇಳುತ್ತಾರೆ.

ವ್ಯಾಪಾರ ಇನ್ನೂ ಶುರುವಾಗಿಲ್ಲ ಎಂದಾದರೆ, ಅದೇ ಬಗೆಯ ಸರಕನ್ನು ಬೇರೆಯವರಲ್ಲಿ ಕೊಂಡ ಇಪ್ಪತ್ತು ಮಂದಿಯನ್ನು ಮಾತಾಡಿಸಿ. ‘ನಾನು ಮಾರಿದರೆ ಕೊಳ್ಳುತ್ತೀರಾ?’ ಎಂದು ಮಾತ್ರ ಕೇಳಬೇಡಿ. ಎದುರಿಗಿರುವವರ ಮನಸ್ಸು ನೋಯಿಸಲಾರದೆ ಎಲ್ಲರೂ ಹೂಂ ಅನ್ನುತ್ತಾರೆ. ‘ಕಳೆದ ಸಲ ಎಲ್ಲಿ, ಹೇಗೆ ಕೊಂಡಿರಿ?’ ಎಂದು ಕೇಳಿ. ಮುಂದೆ ಮಾಡುವುದಾಗಿ ಹೇಳಿದ್ದಕ್ಕಿಂತ ಹಿಂದೆ ಮಾಡಿದ್ದು ನಂಬಲು ಯೋಗ್ಯ.

ಹೆಜ್ಜೆ 2: ಕೊಳ್ಳಲು ಅವರು ಎಷ್ಟು ಓಡಾಡುತ್ತಾರೆ?

ಹಾರ್ವರ್ಡ್‌ನ ಪ್ರಾಧ್ಯಾಪಕ ಮೆಲ್ವಿನ್ ಕೋಪ್‌ಲ್ಯಾಂಡ್ 1923ರಲ್ಲಿ ಸರಕುಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ನೂರು ವರ್ಷ ದಾಟಿದರೂ ಆ ವಿಂಗಡಣೆ ಕೆಲಸಕ್ಕೆ ಬರುತ್ತದೆ. ಪೆನ್ನು, ಸೋಪು, ಬ್ಯಾಟರಿ ಸೆಲ್‌ನಂಥವನ್ನು ಜನ ಹತ್ತಿರ ಎಲ್ಲಿ ಸಿಗುತ್ತದೋ ಅಲ್ಲೇ ಕೊಳ್ಳುತ್ತಾರೆ. ಪೀಠೋಪಕರಣ, ಬಟ್ಟೆಯಂಥವಕ್ಕೆ ನಾಲ್ಕು ಕಡೆ ಅಲೆದು, ಹೋಲಿಸಿ ನೋಡುತ್ತಾರೆ. ಮೂರನೆಯ ಬಗೆಯದಕ್ಕೆ, ಅಂದರೆ ಮನಸ್ಸಿಗೆ ಹಿಡಿದ ಒಂದೇ ಹೆಸರಿನ ಕ್ಯಾಮೆರಾ ಅಥವಾ ವಾದ್ಯಕ್ಕೆ, ಎಷ್ಟು ದೂರವಾದರೂ ಹೋಗುತ್ತಾರೆ. ಬೇರೆಯದನ್ನು ಕೊಟ್ಟರೆ ಒಲ್ಲೆ ಅನ್ನುತ್ತಾರೆ.

ಮೊದಲ ಬಗೆಯ ಸರಕಿಗೆ ಹಣ ಸುರಿಯಬೇಕಾದದ್ದು ವಿತರಣೆಗೆ: ಹೆಚ್ಚು ಅಂಗಡಿ, ಕಣ್ಣಿಗೆ ಬೀಳುವ ಜಾಗ, ದಾಸ್ತಾನು ಮುಗಿಯದಂಥ ಎಚ್ಚರ. ಮನಮುಟ್ಟುವ ಜಾಹೀರಾತು ನೋಡಿ ಬಂದವನಿಗೆ ಅಂಗಡಿಯಲ್ಲಿ ನಿಮ್ಮ ಸೆಲ್ ಸಿಗದಿದ್ದರೆ ಪಕ್ಕದಲ್ಲಿರುವ ಇನ್ನೊಂದನ್ನು ಎತ್ತಿಕೊಂಡು ಹೋಗುತ್ತಾನೆ. ಎರಡನೆಯ ಬಗೆಗೆ ಹೋಲಿಕೆ ಸುಲಭವಾಗುವಂತೆ ಅಳತೆ, ಬೆಲೆ, ವಾರಂಟಿ ಎಲ್ಲವನ್ನೂ ಬಿಚ್ಚಿಡಿ. ಬೆಲೆ ಹೇಳಲು ‘ಕರೆ ಮಾಡಿ’ ಎಂದು ಬರೆದರೆ ಹೋಲಿಸುವವರು ಮುಂದಿನ ಅಂಗಡಿಗೆ ನಡೆಯುತ್ತಾರೆ. ಮೂರನೆಯದಕ್ಕೆ ಅಂಗಡಿ ಒಂದೇ ಇದ್ದರೂ ನಡೆಯುತ್ತದೆ, ಹೆಸರಿಗೆ ಮಾತ್ರ ಕಳಂಕ ತಟ್ಟಬಾರದು. ಮೇಲಿಂದ ಮೇಲೆ ರಿಯಾಯಿತಿ ಕೊಟ್ಟು ಅಂಥ ಹೆಸರನ್ನು ಅಗ್ಗ ಮಾಡಿಕೊಳ್ಳಬೇಡಿ.

ಹೆಜ್ಜೆ 3: ಸರಕಿನ ಗುಣ ಗಿರಾಕಿಗೆ ಯಾವಾಗ ತಿಳಿಯುತ್ತದೆ?

ಒಂದೇ ಹೆಜ್ಜೆಗೆ ಸಮಯವಿದೆ ಎಂದರೆ ನಾನು ಇದನ್ನೇ ಆರಿಸುತ್ತೇನೆ. 1970ರಲ್ಲಿ ಅರ್ಥಶಾಸ್ತ್ರಜ್ಞ ಫಿಲಿಪ್ ನೆಲ್ಸನ್ ಕೊಳ್ಳುವ ಮುಂಚೆಯೇ ಗುಣ ತಿಳಿಯುವ ಸರಕನ್ನೂ, ಬಳಸಿದ ಮೇಲಷ್ಟೇ ತಿಳಿಯುವ ಸರಕನ್ನೂ ಬೇರೆ ಮಾಡಿ ತೋರಿಸಿದರು. 1973ರಲ್ಲಿ ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ ಮೂರನೆಯದೊಂದನ್ನು ಸೇರಿಸಿದರು: ಬಳಸಿದ ಮೇಲೂ ಗುಣ ತಿಳಿಯದಂಥದ್ದು.

ಕುರ್ಚಿ ಮೊದಲನೆಯ ಗುಂಪಿಗೆ ಸೇರುತ್ತದೆ. ಕಣ್ಣಿಗೆ ಕಾಣುತ್ತದೆ, ಕೂತು ನೋಡಬಹುದು. ಇಲ್ಲಿ ಸ್ಪಷ್ಟವಾದ ಫೋಟೊ, ನಿಖರವಾದ ಅಳತೆ, ಇಷ್ಟವಾಗದಿದ್ದರೆ ವಾಪಸು ಪಡೆಯುವ ಭರವಸೆ ಸಾಕು. ಮಾತಿನ ಅಲಂಕಾರ ಹೆಚ್ಚೇನೂ ಬೇಕಿಲ್ಲ.

ಕೂದಲು ಕತ್ತರಿಸುವುದು, ಭಾಷಾ ತರಗತಿ, ಛಾಯಾಗ್ರಹಣ, ಲೆಕ್ಕಪತ್ರದ ಸಾಫ್ಟ್‌ವೇರ್ ಎರಡನೆಯ ಗುಂಪಿನವು. ಅನುಭವಿಸದೆ ಯಾರೂ ತೀರ್ಪು ಕೊಡಲಾರರು. ಹಾಗಾಗಿ ಮೊದಲ ಅನುಭವವನ್ನು ಆದಷ್ಟು ಅಗ್ಗವಾಗಿ, ನಿರ್ಭಯವಾಗಿ ಸಿಗುವಂತೆ ಮಾಡುವುದೇ ನಿಮ್ಮ ತಂತ್ರ: ಮೊದಲ ತರಗತಿ ಉಚಿತ, ಸಾಫ್ಟ್‌ವೇರ್‌ನ ಒಂದು ತಿಂಗಳ ಬಳಕೆ ಉಚಿತ, ಹಿಂದೆ ತೆಗೆದ ಫೋಟೊಗಳ ಪ್ರದರ್ಶನ. ಬಳಸಿದವರ ವಿಮರ್ಶೆಗೆ ಇಲ್ಲಿ ತುಂಬ ತೂಕ. ನಿಮ್ಮ ಹೊಗಳಿಕೆಯನ್ನು ಗಿರಾಕಿ ಪರೀಕ್ಷಿಸಲಾರ, ಇನ್ನೊಬ್ಬ ಗಿರಾಕಿಯ ಅನುಭವವನ್ನು ನಂಬುತ್ತಾನೆ. ವಿಮರ್ಶೆ ಬರೆಯಿರೆಂದು ಕೇಳಲು ಸಂಕೋಚ ಬೇಡ, ದುಡ್ಡು ಕೊಟ್ಟು ಬರೆಸುವುದು ಮಾತ್ರ ಬೇಡವೇ ಬೇಡ. ಸುಳ್ಳು ವಿಮರ್ಶೆ ಒಮ್ಮೆ ಸಿಕ್ಕಿಬಿದ್ದರೆ ನಿಜವಾದವುಗಳನ್ನೂ ಯಾರೂ ನಂಬುವುದಿಲ್ಲ.

ಮೂರನೆಯ ಗುಂಪಿನವರಿಗೆ ಹೇಳುವುದು ಹೆಚ್ಚಿದೆ; ತಪ್ಪು ದಾರಿ ಹಿಡಿದು ನಷ್ಟ ಮಾಡಿಕೊಳ್ಳುವವರು ಇಲ್ಲೇ ಜಾಸ್ತಿ. ಎಂಜಿನ್ ರಿಪೇರಿ, ಹಲ್ಲಿನ ಚಿಕಿತ್ಸೆ, ಕಾನೂನು ಸಲಹೆ ಇವೆಲ್ಲ ಈ ಗುಂಪಿನವು. ಗಾಡಿ ಓಡುತ್ತಿದೆ, ನಿಜ. ಆದರೆ ಬದಲಾಯಿಸಿದ ಆ ಭಾಗವನ್ನು ನಿಜಕ್ಕೂ ಬದಲಾಯಿಸಬೇಕಿತ್ತೇ ಎಂಬುದು ಮಾಲೀಕನಿಗೆ ಎಂದಿಗೂ ಗೊತ್ತಾಗುವುದಿಲ್ಲ. ಇಂಥಲ್ಲಿ ‘ಅರ್ಧ ದರ’ ಎಂದು ಕೂಗಿದರೆ ಗಿರಾಕಿಗೆ ಆಸೆಗಿಂತ ಅನುಮಾನ ಮೊದಲು ಹುಟ್ಟುತ್ತದೆ. ನಿಮ್ಮ ಪ್ರಚಾರದ ಕೆಲಸವೆಂದರೆ ಆ ಅನುಮಾನಕ್ಕೆ ಉತ್ತರ ಕೊಡುವುದು. ತೆಗೆದ ಹಳೆಯ ಭಾಗವನ್ನು ಗಿರಾಕಿಯ ಕೈಗೇ ಕೊಡಿ. ಕೆಲಸ ಹಿಡಿಯುವ ಮೊದಲು ಅಂದಾಜು ವೆಚ್ಚವನ್ನು ಬರೆದುಕೊಡಿ. ಬೇಡದ ಕೆಲಸಕ್ಕೆ ಬೇಡ ಎಂದು ಬಾಯಿಬಿಟ್ಟು ಹೇಳಿ. ಬೇಕಿದ್ದರೆ ಇನ್ನೊಬ್ಬರನ್ನೂ ಕೇಳಿ ಬನ್ನಿ ಎನ್ನುವ ಧೈರ್ಯವಿರಲಿ. ಶಿಕ್ಷಣ, ಪರವಾನಗಿ, ಅನುಭವ ಎದ್ದು ಕಾಣಲಿ. ಹೊಸ ಗಿರಾಕಿಗಳು ಬರುವುದು ಹೆಚ್ಚಾಗಿ ನಂಬಿದವರು ಕಳಿಸಿದ್ದರಿಂದ, ಹಾಗಾಗಿ ನಿಮ್ಮ ವೃತ್ತಿಯ ಅಕ್ಕಪಕ್ಕದ ವೃತ್ತಿಯವರ ಜೊತೆ ಸಂಬಂಧ ಬೆಳೆಸಿ. ವಕೀಲರು, ವೈದ್ಯರು ಹೇಗೆ ಜಾಹೀರಾತು ಕೊಡಬಹುದು ಎಂಬುದಕ್ಕೆ ಹಲವು ದೇಶಗಳಲ್ಲಿ ವೃತ್ತಿ ಮಂಡಳಿಗಳ ನಿಯಮಗಳಿವೆ. ಅದನ್ನು ಓದದೆ ಬೋರ್ಡು ಬರೆಸಬೇಡಿ.

ಒಂದೇ ಅಂಗಡಿಯಲ್ಲಿ ಮೂರೂ ಇರುವುದುಂಟು. ಕಂಪ್ಯೂಟರ್ ಅಂಗಡಿಯನ್ನೇ ತೆಗೆದುಕೊಳ್ಳಿ: ಯಂತ್ರದ ಪರದೆ, ತೂಕ ನೋಡಿದರೆ ತಿಳಿಯುತ್ತದೆ, ವೇಗ ಬಳಸಿದರೆ ತಿಳಿಯುತ್ತದೆ, ರಿಪೇರಿಯ ಪ್ರಾಮಾಣಿಕತೆ ಪೂರ್ತಿ ತಿಳಿಯುವುದೇ ಇಲ್ಲ. ಯಂತ್ರಕ್ಕೆ ಕೊಟ್ಟ ಜಾಹೀರಾತನ್ನೇ ರಿಪೇರಿಗೂ ಕೊಟ್ಟರೆ ನಡೆಯುವುದಿಲ್ಲ.

ಹೆಜ್ಜೆ 4: ಬೇಕು ಎನ್ನಿಸುವ ಗಳಿಗೆ ಯಾವುದು?

ನೀರಿನ ಪೈಪು ಒಡೆದಾಗ, ಬೀಗದ ಕೈ ಕಳೆದಾಗ ಜನ ಯಾರ ಹೆಸರನ್ನೂ ನೆನಪಿಸಿಕೊಳ್ಳುತ್ತಾ ಕೂರುವುದಿಲ್ಲ. ಫೋನ್ ತೆಗೆದು ಹುಡುಕುತ್ತಾರೆ. ಇಂಥ ವ್ಯಾಪಾರಕ್ಕೆ ಗೂಗಲ್ ಮ್ಯಾಪ್‌ನಲ್ಲಿ ಸರಿಯಾದ ನಂಬರ್, ಸರಿಯಾದ ಸಮಯ ಇರಬೇಕು, ಕರೆ ಬಂದ ಕೂಡಲೇ ಎತ್ತುವವರಿರಬೇಕು. ದುರಸ್ತಿ ಮಾಡಿದ ಯಂತ್ರದ ಮೇಲೆ ನಿಮ್ಮ ನಂಬರಿನ ಒಂದು ಸ್ಟಿಕ್ಕರ್ ಅಂಟಿಸಿ ಬನ್ನಿ. ಮುಂದಿನ ಸಲ ಅದು ಕೆಟ್ಟಾಗ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ಮನೆ ಕಟ್ಟಿಸುವುದು, ಉನ್ನತ ಓದು ತಿಂಗಳುಗಟ್ಟಲೆ ಯೋಚಿಸಿ ಇಡುವ ಹೆಜ್ಜೆಗಳು. ಅಲ್ಲಿ ಒಂದು ದಿನದ ಅಬ್ಬರದ ಜಾಹೀರಾತಿಗಿಂತ ಆ ತಿಂಗಳುಗಳ ಉದ್ದಕ್ಕೂ ಸಂದೇಹ ಬಗೆಹರಿಸುವ ಲೇಖನ, ವಿಡಿಯೊ, ಮಾಹಿತಿ ಪುಸ್ತಿಕೆ ಕೆಲಸ ಮಾಡುತ್ತವೆ.

ಇನ್ನು ನಿಮ್ಮ ಸರಕು ಹೊಚ್ಚಹೊಸ ಬಗೆಯದಾದರೆ? ಗೂಗಲ್ 2000ದಲ್ಲಿ ಶುರು ಮಾಡಿದ ಜಾಹೀರಾತು ಪದ್ಧತಿ ಜನ ಹುಡುಕುವ ಪದದ ಮೇಲೆ ನಿಂತಿದೆ. ಇಂಥದ್ದೊಂದು ಇದೆ ಎಂದೇ ಗೊತ್ತಿಲ್ಲದವರು ಅದರ ಹೆಸರು ಟೈಪ್ ಮಾಡುವುದಾದರೂ ಹೇಗೆ? ಅವರು ಹುಡುಕುವುದು ತಮ್ಮ ತೊಂದರೆಯನ್ನು. ಆದ್ದರಿಂದ ತೊಂದರೆಯ ಹೆಸರಿನಲ್ಲಿ ಅವರನ್ನು ಎದುರುಗೊಳ್ಳಿ, ಇಲ್ಲವೇ ಟಪ್ಪರ್ ಡಬ್ಬಿಯಂತೆ ಕಣ್ಣೆದುರು ಮಾಡಿ ತೋರಿಸಿ.

ಬೇಡಿಕೆ ಎಲ್ಲಿಂದ ಹುಟ್ಟುತ್ತದೆ ಎಂದು ಒಂದು ಹೆಜ್ಜೆ ಹಿಂದೆ ಹೋಗಿ ಯೋಚಿಸಿದವರು ಟೈರು ತಯಾರಿಸುತ್ತಿದ್ದ ಮಿಷಲಿನ್ ಸಹೋದರರು. 1900ರಲ್ಲಿ ಫ್ರಾನ್ಸ್‌ನಲ್ಲಿ ಕಾರುಗಳೇ ಕಡಿಮೆ, ಇದ್ದವರೂ ದೂರ ಹೋಗುತ್ತಿರಲಿಲ್ಲ. ಗಾಡಿ ಓಡದೆ ಟೈರು ಸವೆಯುವುದೆಂತು? ದಾರಿಯ ನಕ್ಷೆ, ಟೈರು ಬದಲಿಸುವ ಕ್ರಮ, ಇಂಧನ, ವಸತಿ ಸಿಗುವ ಜಾಗಗಳ ಮಾಹಿತಿ ಇದ್ದ ಕೈಪಿಡಿಯೊಂದನ್ನು ಅಚ್ಚು ಹಾಕಿಸಿ ಕಾರಿನವರಿಗೆ ಪುಕ್ಕಟೆ ಹಂಚಿದರು.

ಹೆಜ್ಜೆ 5: ತೀರ್ಮಾನ ಯಾರದು?

ಆಟಿಕೆ ಬೇಕೆನ್ನುವುದು ಮಗು, ಹಣ ಕೊಡುವುದು ತಂದೆತಾಯಿ. ಕಾರ್ಖಾನೆಗೆ ಯಂತ್ರ ಮಾರುವಾಗ ಇನ್ನೂ ಕಷ್ಟ: ಬಳಸುವವನು ಒಬ್ಬ, ತಾಂತ್ರಿಕವಾಗಿ ಪರಿಶೀಲಿಸುವವನು ಒಬ್ಬ, ಕೊಟೇಶನ್ ಹೋಲಿಸುವವನು ಒಬ್ಬ, ಸಹಿ ಹಾಕುವವನು ಇನ್ನೊಬ್ಬ. ಬಳಸುವವನಿಗೆ ಕೆಲಸ ಹಗುರಾಗಬೇಕು, ಸಹಿ ಹಾಕುವವನಿಗೆ ವೆಚ್ಚದ ಲೆಕ್ಕ ಬೇಕು. ಒಂದೇ ಕರಪತ್ರ ನಾಲ್ವರಿಗೂ ಹೊಂದುವುದಿಲ್ಲ. ಇಂಥ ಮಾರಾಟಕ್ಕೆ ದೊಡ್ಡ ಜಾಹೀರಾತಿಗಿಂತ ಮುಖಾಮುಖಿ ಭೇಟಿ, ಪ್ರಾತ್ಯಕ್ಷಿಕೆ, ಈಗಾಗಲೇ ಬಳಸುತ್ತಿರುವ ಕಾರ್ಖಾನೆಯವರ ಮಾತು ಹೆಚ್ಚು ಫಲ ಕೊಡುತ್ತವೆ.

ಇಂಟೆಲ್ ಕಂಪನಿ ಇದಕ್ಕೆ ತಿರುವು ಮುರುವಾದ ದಾರಿ ಹಿಡಿಯಿತು. ಅದರ ಚಿಪ್ಪನ್ನು ಕೊಳ್ಳುತ್ತಿದ್ದವರು ಕಂಪ್ಯೂಟರ್ ತಯಾರಕರು. 1991ರಲ್ಲಿ ಅದು ‘ಇಂಟೆಲ್ ಇನ್‌ಸೈಡ್’ ಪ್ರಚಾರ ಶುರು ಮಾಡಿ, ಆ ಗುರುತು ಹಾಕಿಕೊಂಡ ತಯಾರಕರ ಜಾಹೀರಾತು ವೆಚ್ಚದಲ್ಲಿ ಪಾಲು ಕೊಟ್ಟಿತು. ಕಂಪ್ಯೂಟರ್ ಕೊಳ್ಳುವ ಸಾಮಾನ್ಯ ಗಿರಾಕಿಯೇ ಒಳಗಿನ ಚಿಪ್ಪಿನ ಹೆಸರು ಕೇಳತೊಡಗಿದ. ಇದಕ್ಕೆ ಬಂಡವಾಳ ಬಹಳ ಬೇಕು. ಸಣ್ಣ ಬಿಡಿಭಾಗ ತಯಾರಿಸುವವರು ಇದನ್ನು ಅನುಕರಿಸಲು ಹೋಗದಿರುವುದೇ ಕ್ಷೇಮ.

ಹೆಜ್ಜೆ 6: ಒಬ್ಬ ಗಿರಾಕಿಗೆ ಎಷ್ಟು ಖರ್ಚು ಮಾಡಬಹುದು?

ಒಂದು ಸಲದ ಮಾರಾಟದಲ್ಲಿ ನಿಮಗೆ ಉಳಿಯುವುದು 10 ಎಂದಿಟ್ಟುಕೊಳ್ಳಿ. ಗಿರಾಕಿ ತಿಂಗಳಿಗೊಮ್ಮೆ ಬರುತ್ತಾನೆ, ಮೂರು ವರ್ಷ ಉಳಿಯುತ್ತಾನೆ. ಒಟ್ಟು 360. ಅವನನ್ನು ಕರೆತರಲು 40 ಖರ್ಚಾದರೆ ಮೊದಲ ದಿನ 30 ನಷ್ಟ, ನಾಲ್ಕನೆಯ ಭೇಟಿಗೆ ಲೆಕ್ಕ ಸಮ, ಆಮೇಲೆ ಬರುವುದೆಲ್ಲ ಲಾಭ. ಅದೇ ಗಿರಾಕಿ ಒಂದೇ ಸಲ ಬಂದು ಹೋಗುವ ವ್ಯಾಪಾರದಲ್ಲಿ ಅದೇ 40 ನಿಮ್ಮನ್ನು ಮುಳುಗಿಸುತ್ತದೆ. ಈ ಲೆಕ್ಕ ಹಾಕದೆ ‘ಜಾಹೀರಾತು ದುಬಾರಿ’ ಎನ್ನುವುದಾಗಲಿ ‘ಅಗ್ಗ’ ಎನ್ನುವುದಾಗಲಿ ಅರ್ಥವಿಲ್ಲದ ಮಾತು. ನಾಲ್ಕನೆಯ ಭೇಟಿಯವರೆಗೆ ಕಾಯಲು ಕೈಯಲ್ಲಿ ಹಣವಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ಮತ್ತೆ ಮತ್ತೆ ಬರುವ ಗಿರಾಕಿಗಳ ವ್ಯಾಪಾರವಾದರೆ ಹಣದ ದೊಡ್ಡ ಪಾಲನ್ನು ಇರುವವರನ್ನು ಉಳಿಸಿಕೊಳ್ಳಲು ಇಡಿ: ಸರ್ವಿಸ್ ದಿನ ನೆನಪಿಸುವ ಸಂದೇಶ, ದೂರು ಬಂದ ದಿನವೇ ಉತ್ತರ, ಕಾಯಂ ಗಿರಾಕಿಗೆ ಮೊದಲ ಆದ್ಯತೆ. ಹಿತ್ತಲ ಗಿಡ ಮದ್ದಲ್ಲ ಎಂಬಂತೆ ಇವರನ್ನು ಮರೆತು ಹೊಸಬರ ಹಿಂದೆ ಓಡುವವರೇ ಹೆಚ್ಚು. ವ್ಯಾಪಾರ ತಂತ್ರದ ತಜ್ಞ ಇಗೊರ್ ಆನ್ಸಾಫ್ 1957ರಲ್ಲಿ ವ್ಯಾಪಾರ ಬೆಳೆಯುವ ನಾಲ್ಕು ದಿಕ್ಕು ಗುರುತಿಸಿದಾಗಲೂ, ಹಳೆಯ ಸರಕನ್ನು ಹಳೆಯ ಮಾರುಕಟ್ಟೆಯಲ್ಲೇ ಹೆಚ್ಚು ಮಾರುವುದು ಅವುಗಳಲ್ಲಿ ಒಂದಾಗಿತ್ತು. ಹೊಸ ಸರಕನ್ನು ಹೊಸ ಮಾರುಕಟ್ಟೆಗೆ ಒಯ್ಯುವುದರಲ್ಲಿ ಅಪಾಯ ಎಲ್ಲಕ್ಕಿಂತ ಜಾಸ್ತಿ.

ಕೆಲವು ಸರಕುಗಳು ತಾವೇ ಪ್ರಚಾರ ಮಾಡಿಕೊಳ್ಳುತ್ತವೆ. 1996ರಲ್ಲಿ ಬಂದ ಉಚಿತ ಇ-ಮೇಲ್ ಸೇವೆ ಹಾಟ್‌ಮೇಲ್, ಬಳಕೆದಾರರು ಕಳಿಸುವ ಪ್ರತಿ ಇ-ಮೇಲ್‌ನ ಕೆಳಗೆ ಉಚಿತ ಖಾತೆಗೆ ಆಹ್ವಾನಿಸುವ ಸಾಲೊಂದನ್ನು ಸೇರಿಸಿತು; ಮರುವರ್ಷದ ಕೊನೆಗೆ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ನಿಮ್ಮ ಸರಕು ಒಬ್ಬರಿಂದ ಇನ್ನೊಬ್ಬರಿಗೆ ದಾಟುವಂಥದ್ದೇ ಎಂದು ಪರೀಕ್ಷಿಸಿ. ಹಲ್ಲಿನ ವೈದ್ಯರಿಗೆ ಈ ದಾರಿ ಇಲ್ಲ, ಆಮಂತ್ರಣ ಪತ್ರ ವಿನ್ಯಾಸ ಮಾಡುವವರಿಗೆ ಧಾರಾಳವಾಗಿದೆ.

ಹೆಜ್ಜೆ 7: ಎರಡೇ ದಾರಿ ಆರಿಸಿ, ಪರೀಕ್ಷಿಸಿ

ಈಗ ಮಾಧ್ಯಮದ ಪ್ರಶ್ನೆಗೆ ಬನ್ನಿ. ಐದಾರು ಕಡೆ ಚೂರು ಚೂರು ಹಣ ಚೆಲ್ಲಿದರೆ ಯಾವುದರ ಫಲವೂ ಕಾಣದು. ನೋಟ್‌ಬುಕ್ಕಿನ ಉತ್ತರಗಳಿಗೆ ಒಪ್ಪುವ ಎರಡನ್ನು ಮಾತ್ರ ಹಿಡಿಯಿರಿ. ಎರಡಕ್ಕೂ ಬೇರೆ ಬೇರೆ ಫೋನ್ ನಂಬರ್ ಅಥವಾ ಬೇರೆ ಕೂಪನ್ ಕೋಡ್ ಕೊಡಿ, ಯಾವುದರಿಂದ ಯಾರು ಬಂದರೆಂದು ತಿಳಿಯುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬೆಲೆಯನ್ನೂ ಚಿತ್ರವನ್ನೂ ಒಟ್ಟಿಗೆ ಬದಲಿಸಿದರೆ ಗೆದ್ದದ್ದು ಯಾವುದು ಎಂದು ಹೇಳಲಾಗದು.

ಲೈಕ್‌ಗಳನ್ನು ಎಣಿಸಬೇಡಿ; ವಿಚಾರಣೆ ಎಷ್ಟು, ಅದರಲ್ಲಿ ಮಾರಾಟ ಎಷ್ಟು ಎಂದು ಎಣಿಸಿ. ಪರೀಕ್ಷೆಯ ಅವಧಿ ಎಷ್ಟಿರಬೇಕು ಎಂಬುದಕ್ಕೆ ಮೊದಲ ಹೆಜ್ಜೆಯ ಎರಡನೇ ಕಾಲಂ ನೋಡಿ. ನಿಮ್ಮ ಗಿರಾಕಿ ಕೊಳ್ಳಲು ಸರಾಸರಿ ಎರಡು ತಿಂಗಳು ತೆಗೆದುಕೊಳ್ಳುತ್ತಾನೆ ಎಂದಾದರೆ ಹದಿನೈದು ದಿನಕ್ಕೇ ಜಾಹೀರಾತು ನಿಲ್ಲಿಸಿ ‘ಪ್ರಯೋಜನವಿಲ್ಲ’ ಎಂದುಬಿಡುವುದು ದುಡುಕು. ಆ ಎರಡು ತಿಂಗಳು ಕಳೆದ ಮೇಲೆ, ಹೊಸದಾಗಿ ಆದ ಇಪ್ಪತ್ತು ಮಾರಾಟಗಳನ್ನು ಅದೇ ನಾಲ್ಕು ಕಾಲಂಗಳಲ್ಲಿ ಬರೆದು, ಹಳೆಯ ಪುಟದ ಪಕ್ಕದಲ್ಲಿಟ್ಟು ಓದಿ.